ಮಗಳನ್ನು ಸ್ಕೂಲಿಗೆ ಕಳಿಸಲ್ವಲ್ಲ, ಕಾನೂನು ಒಪ್ಪುತ್ತಾ?

ಮನೆಯಲ್ಲೇ ಕಲಿಸುತ್ತಿದ್ದೇವೆ ಎಂದ ಕೂಡಲೇ ಮದುವೆಮನೆಯಲ್ಲಿ ಪಕ್ಕದ ಎಲೆಗೆ ಕೂತವರಿಂದ ಹಿಡಿದು ಹಾಲು ಹಾಕುವವರವರೆಗೆ ಎಲ್ಲರೂ ಇದನ್ನೇ ಕೇಳುತ್ತಾರೆ. ಬೆನ್ನಿಗೇ ಇನ್ನೊಂದು: "ಮುಂದೆ ಸರ್ಟಿಫಿಕೇಟ್‌ಗೆ ಏನ್ ಮಾಡ್ತೀರಿ?"

ಕಾನೂನು ಪೂರ್ತಿ ನಮ್ಮ ಕಡೆ ಇದೆ ಅನ್ನುವವರನ್ನು ನಾನಂತೂ ನಂಬುವುದಿಲ್ಲ. 2010ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ, 6ರಿಂದ 14 ವರ್ಷದ ಮಕ್ಕಳನ್ನು ಹತ್ತಿರದ ಶಾಲೆಗೆ ಸೇರಿಸುವುದು ಅಪ್ಪ ಅಮ್ಮನ ಕರ್ತವ್ಯ. ಆದರೆ ಸೇರಿಸದ ಅಪ್ಪ ಅಮ್ಮನಿಗೆ ಇಷ್ಟು ದಂಡ ಅಂತ ಆ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ದಂಡ ಇರುವುದು ಮಾನ್ಯತೆ ಇಲ್ಲದೆ ಶಾಲೆ ನಡೆಸುವವರಿಗೆ, 1 ಲಕ್ಷದವರೆಗೆ. ಹಾಗಾಗಿ ಅಕ್ಕಪಕ್ಕದ ಮಕ್ಕಳನ್ನೂ ಕೂರಿಸಿಕೊಂಡು, ಫೀಸು ತಗೊಂಡು, ಗೇಟಿಗೆ ಬೋರ್ಡು ಹಾಕುವ ಯೋಚನೆ ಇದ್ದರೆ ಸ್ವಲ್ಪ ತಡೀರಿ.

ಶಾಲೆ ಬಿಟ್ಟ ಮಕ್ಕಳ ಲೆಕ್ಕ ಬರೆದುಕೊಳ್ಳಲು ಒಮ್ಮೆ ಮೇಷ್ಟ್ರೊಬ್ಬರು ನಮ್ಮ ಮನೆಗೂ ಬಂದರು. ಎದೆ ಡವಡವ. ಮಾತಾಡುವ ಬದಲು ಇನ್ನೂರು ಪುಟದ ಲಾಂಗ್‌ಬುಕ್ ಕೊಟ್ಟೆ. ದಿನಾ ರಾತ್ರಿ ತಾರೀಖು ಹಾಕಿ ಎರಡು ಸಾಲು ಬರೆಯುವ ಪುಸ್ತಕ ಅದು. ಅವರು ತೆರೆದ ಪುಟದಲ್ಲಿ ಹೀಗಿತ್ತು: "ಸಂತೆ. ಈರುಳ್ಳಿ ಎರಡೂವರೆ ಕೆಜಿ, ಕೆಜಿಗೆ 28. ಬಾಯಲ್ಲೇ 70 ಅಂದಳು. ಐನೂರಕ್ಕೆ ಚಿಲ್ಲರೆ ಎಣಿಸುವಾಗ ತಪ್ಪಿದಳು." ಮೇಷ್ಟ್ರು ನಕ್ಕರು. ಅವಳಿಗೆ ಎರಡು ಲೆಕ್ಕ ಕೇಳಿ, ಕಾಫಿ ಕುಡಿದು ಹೋದರು. ಬರೆಯಿರಿ ಎಂದು ಯಾವ ಕಾಯ್ದೆಯೂ ಹೇಳಿಲ್ಲ, ಆದರೂ ಬರೆದಿಡಿ, ತಪ್ಪಿದ್ದನ್ನೂ ಬರೆದಿಡಿ. ಬರೀ ಜಾಣತನವೇ ತುಂಬಿದ ಡೈರಿಯನ್ನು ಯಾರು ನಂಬ್ತಾರೆ, ಅಲ್ವಾ?

ಸರ್ಟಿಫಿಕೇಟ್‌ಗೆ ಎನ್‌ಐಒಎಸ್ ಇದೆ, ಕೇಂದ್ರ ಸರ್ಕಾರದ ಮುಕ್ತ ಶಾಲಾ ಬೋರ್ಡ್. 14 ತುಂಬಿದರೆ ಹತ್ತನೇ ಕ್ಲಾಸಿಗೆ ನೇರ ಸೇರಬಹುದು. ಎಂಟನೇ ಕ್ಲಾಸಿನ ಅಂಕಪಟ್ಟಿ ಇಲ್ಲದಿದ್ದರೆ ಓದುವ ಶಕ್ತಿ ಇದೆ ಎಂಬ ಸ್ವಯಂ ಘೋಷಣೆ ಸಾಕು. ಐದು ವಿಷಯ, ವರ್ಷಕ್ಕೆರಡು ಪರೀಕ್ಷೆ, ಐದು ವರ್ಷದೊಳಗೆ ಒಂದೊಂದಾಗಿಯೂ ಮುಗಿಸಬಹುದು. ನಡುವೆ ಮನಸ್ಸು ಬದಲಾದರೆ, 14ರೊಳಗಿನ ಮಗುವನ್ನು ವಯಸ್ಸಿಗೆ ತಕ್ಕ ಕ್ಲಾಸಿಗೆ ಸೇರಿಸಿಕೊಳ್ಳಬೇಕು ಎಂದು ಅದೇ ಆರ್‌ಟಿಇಯ 4ನೇ ಸೆಕ್ಷನ್ ಹೇಳುತ್ತದೆ.

ನಮ್ಮನ್ನು ನಿಜಕ್ಕೂ ಅಲೆದಾಡಿಸಿದ್ದು ಇದ್ಯಾವುದೂ ಅಲ್ಲ, ಇನಿಷಿಯಲ್. ಜನನ ಪ್ರಮಾಣಪತ್ರದಲ್ಲಿ ಹೆಸರಿನ ಹಿಂದೆ, ಆಧಾರ್‌ನಲ್ಲಿ ಮುಂದೆ. ಸರಿ ಮಾಡಿಸಲು ನಾಲ್ಕು ಸಲ ಓಡಾಡಿದೆವು. ನಿಮ್ಮದನ್ನು ಇವತ್ತೇ ಒಂದ್ಸಲ ತೆಗೆದು ನೋಡಿಬಿಡಿ.