ಮರ್ಗಟ್ರಾಯ್ಡ್ ಮನೆತನದ ತವರಿನಲ್ಲಿ

ಲೀಡ್ಸ್‌ನಿಂದ ಬ್ರಾಡ್‌ಫರ್ಡ್ ಮಾರ್ಗವಾಗಿ ಹೊರಟ ರೈಲು ಗುಡ್ಡಗಳ ಸುರಂಗಗಳನ್ನು ಹಾದು ಹ್ಯಾಲಿಫ್ಯಾಕ್ಸ್ ತಲುಪುತ್ತದೆ. ನಾನು ಆ ದಾರಿ ಹಿಡಿದದ್ದು ಮರ್ಗಟ್ರಾಯ್ಡ್ ಎಂಬ ಅಪರೂಪದ ಅಡ್ಡಹೆಸರು ಹುಟ್ಟಿದ ನೆಲವನ್ನು ನೋಡಲೆಂದು. ಸ್ಮಿತ್, ಟೇಲರ್ ಮುಂತಾದ ಕಸುಬಿನ ಹೆಸರುಗಳು ಇಂಗ್ಲೆಂಡಿನ ಊರೂರುಗಳಲ್ಲಿ ಪ್ರತ್ಯೇಕವಾಗಿಯೇ ಹುಟ್ಟಿಕೊಂಡವು. ಈ ಹೆಸರಿಗಾದರೋ ತವರು ಒಂದೇ: ಹ್ಯಾಲಿಫ್ಯಾಕ್ಸ್ ಪಕ್ಕದ ವಾರ್ಲಿ.

ಪಟ್ಟಣದ ಪಶ್ಚಿಮಕ್ಕೆ ಏರುತ್ತ ಹೋದರೆ ಗಿರಣಿಗಳ ಹೊಗೆಯಿಂದ ಕಪ್ಪಾದ ಮರಳುಗಲ್ಲಿನ ಮನೆಗಳೂ ಗಾರೆಯಿಲ್ಲದೆ ಕಟ್ಟಿದ ಕಲ್ಲುಬೇಲಿಗಳೂ ಅವುಗಳ ಮೇಲೆ ಮರಗಳಿಲ್ಲದ ಬೋಳು ಗುಡ್ಡದ ಬಯಲೂ ಕಾಣುತ್ತವೆ. ಹೆಸರಿನ ಅರ್ಥ ಇಲ್ಲಿ ಕಣ್ಣೆದುರೇ ಇದೆ. 'ಮೂರ್' ಎಂದರೆ ಆ ಬೋಳು ಬಯಲು. 'ಗೇಟ್' ಇಲ್ಲಿ ಬಾಗಿಲಲ್ಲ, ಸ್ಕ್ಯಾಂಡಿನೇವಿಯಾದಿಂದ ಬಂದು ನೆಲೆಸಿದವರ ಮಾತಿನಲ್ಲಿ ದಾರಿ. 'ರಾಯ್ಡ್' ಎಂದರೆ ಕಾಡು ಕಡಿದು ಸಾಗುವಳಿಗೆ ತಂದ ಜಮೀನು. ನಮ್ಮ ಕರಾವಳಿಯ ಮನೆತನಗಳು ತಾವು ನೆಲೆಸಿದ ಜಾಗದ ಹೆಸರನ್ನೇ ಹೊತ್ತಂತೆ, ಬಯಲಿಗೆ ಹೋಗುವ ದಾರಿಯ ಬದಿಯ ಈ ಜಮೀನಿನವರೂ ಅದರ ಹೆಸರನ್ನೇ ಉಳಿಸಿಕೊಂಡರು. 1371ರಲ್ಲಿ ವಾರ್ಲಿಯ ಕಾನ್‌ಸ್ಟೆಬಲ್, ಅಂದರೆ ಊರಿನ ಶಾಂತಿಪಾಲನೆಯ ಹೊಣೆ ಹೊತ್ತವನು, ಆಗಿದ್ದ ಜಾನ್ ಈ ಹೆಸರಿನ ಮೊದಲಿಗರಲ್ಲಿ ಒಬ್ಬ. ಆಕ್ರಾಯ್ಡ್, ಹೋಲ್‌ರಾಯ್ಡ್, ಬೂತ್‌ರಾಯ್ಡ್ ಎಂಬ ಹೆಸರುಗಳೂ ಯಾರ್ಕ್‌ಶೈರ್‌ನ ಇಂಥ ಜಮೀನುಗಳಿಂದಲೇ ಬಂದವು.

ಇಷ್ಟು ಬಡ ಮಣ್ಣಿನಲ್ಲಿ ಆ ಮನೆತನ ಊರು ಬಿಡದೆ ಬೆಳೆದದ್ದು ಹೇಗೆಂಬುದೇ ನನ್ನನ್ನು ಅಲ್ಲಿಗೆ ಕರೆದೊಯ್ದ ಪ್ರಶ್ನೆಯಾಗಿತ್ತು. ಅದಕ್ಕೆ ಉತ್ತರ ಉಣ್ಣೆ ಬಟ್ಟೆಯಲ್ಲಿದೆ. ಓಟ್ಸ್ ಮಾತ್ರ ಬೆಳೆಯುವ ತುಂಡು ಜಮೀನಿನೊಂದಿಗೆ ಮನೆಯಲ್ಲೊಂದು ಮಗ್ಗವಿದ್ದರೆ ಸಂಸಾರ ಸಾಗುತ್ತಿತ್ತು. ಜಮೀನು ಹೋಳಾದರೂ ಮಕ್ಕಳು ಅದೇ ಕಣಿವೆಯಲ್ಲಿ ಉಳಿಯಬಹುದಿತ್ತು. ಹಳೆಯ ಮನೆಗಳ ಮಹಡಿಯಲ್ಲಿ ಸಾಲುಗಟ್ಟಿರುವ ಕಿಟಕಿಗಳು ಮಗ್ಗದ ಬೆಳಕಿಗೆಂದು ಇಟ್ಟವು. ನೇಕಾರರು ಬಟ್ಟೆ ಮಾರಲು 1779ರಲ್ಲಿ ತೆರೆದ ಹ್ಯಾಲಿಫ್ಯಾಕ್ಸ್‌ನ ಪೀಸ್ ಹಾಲ್‌ನ ವಿಶಾಲ ಅಂಗಳದಲ್ಲಿ ನಿಂತು ಸುತ್ತಲಿನ 315 ಕೋಣೆಗಳನ್ನು ನೋಡಿದಾಗ ಆ ಕಸುಬಿನ ಹರವು ಮನಸ್ಸಿಗಿಳಿಯಿತು.

ಅಲ್ಲಿಂದ ಕೀತ್ಲಿ ಪಟ್ಟಣದ ಬಳಿಯ ಈಸ್ಟ್ ರಿಡಲ್ಸ್‌ಡನ್ ಹಾಲ್‌ಗೆ ಹೋದೆ. ಈಗ ಪಾರಂಪರಿಕ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆ ನೋಡಿಕೊಳ್ಳುತ್ತಿರುವ ಈ ಬಂಗಲೆಯನ್ನು 1640ರ ದಶಕದಲ್ಲಿ ಕಟ್ಟಿಸಿದವನು ಹ್ಯಾಲಿಫ್ಯಾಕ್ಸ್‌ನ ಬಟ್ಟೆ ವ್ಯಾಪಾರಿ ಜೇಮ್ಸ್ ಮರ್ಗಟ್ರಾಯ್ಡ್. ದೊರೆಗೂ ಪಾರ್ಲಿಮೆಂಟಿಗೂ ನಡೆದ ಅಂತರ್ಯುದ್ಧದ ಆ ದಿನಗಳಲ್ಲಿ ಅವನು ದೊರೆ ಮೊದಲನೆಯ ಚಾರ್ಲ್ಸ್ ಮತ್ತು ರಾಣಿಯ ಮುಖಗಳನ್ನು ಕಲ್ಲಿನಲ್ಲಿ ಕೆತ್ತಿಸಿ ತನ್ನ ನಿಷ್ಠೆಯನ್ನು ಬಹಿರಂಗವಾಗಿಯೇ ಸಾರಿದ್ದ.

ಗಿರಣಿಗಳ ಕಾಲದಲ್ಲಿ ಈ ಹೆಸರು ಬ್ರಾಡ್‌ಫರ್ಡ್, ಲೀಡ್ಸ್, ಲ್ಯಾಂಕಶೈರ್‌ಗಳಿಗೂ, ಮುಂದೆ ಅಮೆರಿಕಕ್ಕೂ ಹೋಯಿತು. ಆದರೂ 1881ರ ಜನಗಣತಿಯಲ್ಲಿ ಇದು ದಟ್ಟವಾಗಿ ಕಾಣುವುದು ಯಾರ್ಕ್‌ಶೈರ್‌ನ ಪಶ್ಚಿಮ ವಿಭಾಗವಾದ ವೆಸ್ಟ್ ರೈಡಿಂಗ್‌ನಲ್ಲಿಯೇ. ಅಡ್ಡಹೆಸರು ಅಪರೂಪವಾದಷ್ಟೂ ಅದನ್ನು ಹೊತ್ತ ಗಂಡಸರು ಒಬ್ಬನೇ ಪೂರ್ವಿಕನ ವಂಶದವರಾಗಿರುವ ಸಾಧ್ಯತೆ ಹೆಚ್ಚು ಎಂದು ಲೆಸ್ಟರ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ತಂದೆಯಿಂದ ಮಗನಿಗಷ್ಟೇ ಬರುವ ವೈ ವರ್ಣತಂತುವಿನ ಅಧ್ಯಯನದಿಂದ ತೋರಿಸಿದ್ದಾರೆ. ವಾರ್ಲಿಯ ಇಳಿಜಾರುಗಳನ್ನು ನೋಡಿ ಬಂದ ನನಗೆ ಆ ಮಾತು ಸಹಜವಾಗಿಯೇ ತೋರಿತು.