ಎರಿ ಹೊಲದಲ್ಲೊಂದು ಹೆಜ್ಜೆ

ಭಾನುವಾರ ಬೆಳಿಗ್ಗೆ ಆರೂವರೆಗೆ ಕಾಕಾನ ಫೋಟೊ ಬಂತು. ಕಪ್ಪು ಮಣ್ಣಿನಲ್ಲಿ ಒಂದು ಹೆಜ್ಜೆ. ಕೆಳಗೆ ಒಂದೇ ಸಾಲು: ‘ಹೊಲದಾಗ ಚಿರತಿ ಬಂದೈತಿ. ಆಳು ಬರಂಗಿಲ್ಲ ಅಂತಾರ.’

ಕಾಕಾನ ಹೊಲ ಇರುವುದು ಧಾರವಾಡದಿಂದ ಪೂರ್ವಕ್ಕೆ, ಹೆಬ್ಬಳ್ಳಿ ಕಡೆ. ಊರು ದಾಟಿ ಅರ್ಧ ಗಂಟೆ ಗಾಡಿ ಓಡಿಸಿದರೆ ಹೊಲದ ಬದುವಿಗೇ ಹೋಗಿ ನಿಲ್ಲುತ್ತೇನೆ. ಆಗ ನವೆಂಬರ್. ಹತ್ತಿ ಒಡೆದು ನಿಂತಿತ್ತು. ಹಿಂದಿನ ಹಗಲೆಲ್ಲ ಜಿಟಿಜಿಟಿ ಮಳೆ ಹಿಡಿದು, ನಡುರಾತ್ರಿ ಒಂದು ಸಣ್ಣ ಹನಿ ಹಾಕಿ ನಿಂತಿತ್ತು. ಒಡೆದ ಹತ್ತಿ ಮಳೆಗೆ ಸಿಕ್ಕರೆ ಬಣ್ಣ ಕೆಡುತ್ತದೆ, ದರ ಬೀಳುತ್ತದೆ. ಒಣಗಿದ ಕೂಡಲೇ ಬಿಡಿಸಬೇಕು. ಅಂಥ ಹೊತ್ತಿನಲ್ಲಿ ಹತ್ತಿ ಬಿಡಿಸುವ ಹೆಣ್ಣುಮಕ್ಕಳು ಬರಲ್ಲ ಅಂದರೆ ಕಾಕಾನಿಗೆ ಹೇಗಾಗಿರಬೇಡ.

ಅವರ ಅಂಜಿಕೆ ಸುಳ್ಳಲ್ಲ. 2021ರ ಸೆಪ್ಟೆಂಬರನ್ನು ನಮ್ಮ ಅವಳಿ ನಗರದಲ್ಲಿ ಯಾರೂ ಮರೆತಿಲ್ಲ. ಹುಬ್ಬಳ್ಳಿಯ ನೃಪತುಂಗ ಬೆಟ್ಟದ ಹತ್ತಿರ ಚಿರತೆ ಕಂಡಿತು. ಬೋನು ಇಟ್ಟರು, ಕ್ಯಾಮೆರಾ ಕಟ್ಟಿದರು, ಆ ಭಾಗದ ಶಾಲೆಗಳಿಗೆ ರಜೆ ಕೊಟ್ಟರು. ದಿನಾ ಬೆಳಿಗ್ಗೆ ಬೆಟ್ಟಕ್ಕೆ ವಾಕಿಂಗ್ ಹೋಗುತ್ತಿದ್ದವರು ಮನೆಯಲ್ಲೇ ಉಳಿದರು. ಕೊನೆಗೆ ಧಾರವಾಡದ ಹತ್ತಿರದ ಕವಲಗೇರಿಯಲ್ಲಿ ಒಂದು ಚಿರತೆ ಬೋನಿಗೆ ಬಿತ್ತು. ಕಾಕಾನ ಹೊಲದಿಂದ ಕವಲಗೇರಿ ಜಾಸ್ತಿ ದೂರ ಇಲ್ಲ.

ನನಗೆ ಹೆಜ್ಜೆ ನೋಡುವ ಹುಚ್ಚು ಹತ್ತಿದ್ದೂ ಅದೇ ದಿನಗಳಲ್ಲಿ. ಆಗ ಫೋನಿನಲ್ಲಿ ಬರುತ್ತಿದ್ದ ಫೋಟೊಗಳಲ್ಲಿ ಯಾವುದು ನಾಯಿ, ಯಾವುದು ಚಿರತೆ ಅಂತ ಒಬ್ಬರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಕಲಿಯಬೇಕು ಅನ್ನಿಸಿತು. ಕಾಕಾನ ಮಗ ಕೆನಡಾದಲ್ಲಿದ್ದಾನೆ. ಅವನು ಇರುವ ನಗರದ ಅಂಚಿನಲ್ಲಿ ರಾತ್ರಿ ಹಿಮ ಬಿದ್ದರೆ ಬೆಳಿಗ್ಗೆ ಮೊಲ, ಅಳಿಲು, ನರಿ ಜಾತಿಯ ಕಯೋಟಿ ಎಲ್ಲ ಎಲ್ಲಿಂದ ಎಲ್ಲಿಗೆ ಹೋದವು ಅನ್ನುವುದು ಹಾಸಿಟ್ಟ ಹಾಗೆ ಕಾಣುತ್ತದಂತೆ. ಅವನು ಕಳಿಸುವ ಫೋಟೊ ನೋಡಿ ಆಸೆಯಾಗುತ್ತಿತ್ತು. ನಮ್ಮ ಎರಿ ಮಣ್ಣು ಹಾಗೆ ದಿನಾ ಒಲಿಯುವುದಿಲ್ಲ. ಪೂರ್ತಿ ತೊಯ್ದರೆ ಚಪ್ಪಲಿಗೆ ಗಡ್ಡೆ ಗಡ್ಡೆಯಾಗಿ ಮೆತ್ತಿಕೊಳ್ಳುತ್ತದೆ, ಅದರಲ್ಲಿ ಯಾವ ಹೆಜ್ಜೆಯೂ ನಿಲ್ಲುವುದಿಲ್ಲ. ಒಣಗಿದರೆ ಕಲ್ಲು, ಬಿರುಕು. ನಡುವೆ ಒಂದು ದಿನವೋ ಎರಡು ದಿನವೋ ಮಣ್ಣಿಗೆ ಹದ ಬರುತ್ತದೆ. ರೈತ ಬಿತ್ತುವುದಕ್ಕೆ ಕಾಯುವ ಹದವೇ ಹೆಜ್ಜೆ ನೋಡುವವರಿಗೂ ಬೇಕು.

ಒಂದು ಸ್ಕೇಲು, ಪ್ಲಾಸ್ಟರ್ ಆಫ್ ಪ್ಯಾರಿಸ್ ಪುಡಿಯ ಪೊಟ್ಟಣ, ನೀರಿನ ಬಾಟಲಿ ಚೀಲದಲ್ಲಿ ಹಾಕಿಕೊಂಡು ಹೊರಟೆ.

ಕಾಕಾ ಬದುವಿನ ಬೇವಿನ ಗಿಡದ ಕೆಳಗೆ ನಿಂತಿದ್ದ. ಜೊತೆಗೆ ಒಬ್ಬ ಅಜ್ಜ, ಹೆಗಲ ಮೇಲೆ ಕಂಬಳಿ. ಪಕ್ಕದ ಹೊಲದಲ್ಲಿ ಗೊಬ್ಬರಕ್ಕೆ ಅಂತ ಕುರಿ ನಿಲ್ಲಿಸಿದ್ದರು, ಆ ಹಿಂಡಿನ ಯಜಮಾನ. ಫೋಟೊದಲ್ಲಿದ್ದ ಹೆಜ್ಜೆಯ ಮೇಲೆ ಕಾಕಾ ಬುಟ್ಟಿ ಮುಚ್ಚಿಟ್ಟಿದ್ದ. ಎತ್ತಿ ತೋರಿಸಿದ.

ನಿಜ ಹೇಳಬೇಕೆಂದರೆ ಒಂದು ಕ್ಷಣ ನನ್ನ ಎದೆಯೂ ಧಸಕ್ ಅಂದಿತು. ದೊಡ್ಡದಿತ್ತು. ಅಂಚಿನಿಂದ ಅಂಚಿಗೆ 9 ಸೆಂ.ಮೀ. ಚಿರತೆಯ ಹೆಜ್ಜೆಯೂ ಹೆಚ್ಚುಕಡಿಮೆ ಅಷ್ಟೇ ಅಗಲ ಇರುತ್ತದೆ. ಉಗುರಿನ ಗುರುತು ಮೇಲ್ನೋಟಕ್ಕೆ ಕಾಣಲಿಲ್ಲ. ಬೆಕ್ಕಿನ ಜಾತಿಯ ಪ್ರಾಣಿ ನಡೆಯುವಾಗ ಉಗುರು ಒಳಗೆ ಎಳೆದುಕೊಂಡಿರುತ್ತದೆ, ಅಲ್ವಾ?

ಮೊಣಕಾಲೂರಿ ಕೂತು ನೋಡಿದೆ. ಅಂಚೆಲ್ಲ ಕರಗಿ ಜಾರಿತ್ತು. ಅಂದರೆ ಈ ಹೆಜ್ಜೆ ಬಿದ್ದ ಮೇಲೆ ನಡುರಾತ್ರಿಯ ಆ ಹನಿ ಬಿದ್ದಿದೆ. ಮೆತ್ತನೆ ಮಣ್ಣಿನಲ್ಲಿ ಕಾಲು ಹೂತಾಗ ಬೆರಳು ಅಗಲವಾಗುತ್ತವೆ, ಮೇಲೆ ನೀರು ಬಿದ್ದರೆ ಕುಳಿ ಇನ್ನೂ ಹಿಗ್ಗುತ್ತದೆ. ಅಳೆಯಬೇಕಾದ್ದು ಅಂಚನ್ನಲ್ಲ, ತಳವನ್ನು. ಪಾದ ನಿಜವಾಗಿ ಕೂತ ಜಾಗ ಅದು. ತಳದಲ್ಲಿ ಸ್ಕೇಲು ಇಟ್ಟರೆ 6.5 ಸೆಂ.ಮೀ.

ಇನ್ನೊಂದು ಪರೀಕ್ಷೆ ಇದೆ. ನಾಯಿ ಜಾತಿಯ ಹೆಜ್ಜೆಯಲ್ಲಿ ಬೆರಳುಗಳ ಮತ್ತು ಅಂಗಾಲಿನ ನಡುವಿನ ಖಾಲಿ ಜಾಗದಲ್ಲಿ ಒಂದು ಕತ್ತರಿ ಗುರುತು ಎಳೆಯಬಹುದು. ಎರಡು ಗೆರೆಗಳೂ ಎಲ್ಲೂ ತಾಗದೆ ದಾಟಿಹೋಗುತ್ತವೆ. ಬೆಕ್ಕು, ಚಿರತೆಯದಾದರೆ ಆಗುವುದಿಲ್ಲ. ಅವುಗಳ ಅಂಗಾಲು ಅಗಲ, ಹಿಂದಿನ ಅಂಚಿನಲ್ಲಿ ಮೂರು ಉಬ್ಬು. ಬೆರಳುಗಳೂ ಒಂದೇ ಸಮ ಇರದೆ ನಮ್ಮ ನಡುಬೆರಳಿನ ಹಾಗೆ ಒಂದು ಸ್ವಲ್ಪ ಮುಂದೆ ಇರುತ್ತದೆ. ಹುಲ್ಲುಕಡ್ಡಿ ತಗೊಂಡು ಇಟ್ಟು ನೋಡಿದೆ. ಕತ್ತರಿ ಸಲೀಸಾಗಿ ಕೂತಿತು.

‘ನಾಯಿದು ಅನಸ್ತೈತಿ ಕಾಕಾ,’ ಅಂದೆ.

‘ಅನಸ್ತೈತಿ ಅಂದ್ರ ಆಳು ಬರ್ತಾರೇನವಾ?’ ಅಂತ ಕೇಳಿದ. ಸರಿಯಾದ ಮಾತು.

ಆಗ ಅಜ್ಜ ಬಾಯಿ ಬಿಟ್ಟ. ‘ಒಂದ ಹೆಜ್ಜಿ ಹಿಡಕೊಂಡು ಕುಂತ್ರ ಏನ್ ತಿಳೀತೈತಿ ತಂಗಿ? ಜಾಡು ಹಿಡದು ನಡೀರಿ.’

ಅವನೇ ಮುಂದೆ ನಡೆದ. ಹತ್ತಿ ಸಾಲಿನ ನಡುವೆ ಹೆಜ್ಜೆ ಒಮ್ಮೆ ಎಡಕ್ಕೆ ಹೋಗಿತ್ತು, ಒಮ್ಮೆ ಬಲಕ್ಕೆ. ಒಂದು ಕಡೆ ಸುತ್ತು ಹೊಡೆದಿತ್ತು. ಗಿಡದ ನೆರಳಿನಲ್ಲಿ ಮಳೆ ತಾಗದ ಒಂದು ಹೆಜ್ಜೆ ಸಿಕ್ಕಿತು. ಅದರಲ್ಲಿ ನಾಲ್ಕೂ ಉಗುರು ಸ್ಪಷ್ಟ. ‘ಊಟ ಹಾಕೋರು ಇದ್ದಾರ ಅಂತ ಗೊತ್ತಿರೋ ಪ್ರಾಣಿ ಹಿಂಗ ಅಡ್ಡಾಡತೈತಿ,’ ಅಂದ ಅಜ್ಜ. ‘ತೋಳಾ, ನರಿ ಆದ್ರ ದಾರ ಹಿಡದಂಗ ನೆಟ್ಟಗ ಹೋಗ್ತಾವ. ಅವು ಸುಮ್ಮಸುಮ್ಮನ ಕಾಲು ಸವಿಸಂಗಿಲ್ಲ.’ ಜಾಡು ಕೊನೆಗೆ ಅವನ ಕುರಿ ನಿಂತ ಹೊಲಕ್ಕೇ ಹೋಗಿ ಮುಟ್ಟಿತು. ಅಲ್ಲಿ ಅವನ ದೊಡ್ಡ ಕಂದು ನಾಯಿ ಮಲಗಿತ್ತು. ಕಾಲಿನ ಸಂದಿಯಲ್ಲಿ ಒಣಗಿದ ಎರಿ ಮಣ್ಣು.

ಕೆಲಸ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಹದದ ದಿನ ಮತ್ತೆ ಯಾವಾಗ ಸಿಗುತ್ತದೋ. ಮೂವರೂ ಹಳ್ಳಕ್ಕೆ ಇಳಿದೆವು.

ಹಳ್ಳದ ದಂಡೆಯಲ್ಲಿ ನೀರು ಇಳಿದು ನುಣುಪಾದ ಕೆಸರು ಕೂತಿತ್ತು, ಸಾರಿಸಿದ ಅಂಗಳದ ಹಾಗೆ. ಅದರ ತುಂಬ ರಾತ್ರಿಯ ಓಡಾಟ. ಮೊದಲು ಕಂಡಿದ್ದು ಮೊಲ. ಎರಡು ಸಣ್ಣ ಗುರುತು ಒಂದರ ಹಿಂದೆ ಒಂದು, ಅವುಗಳ ಮುಂದೆ ಎರಡು ಉದ್ದನೆಯವು ಜೋಡಿಯಾಗಿ. ಮುಂದೆ ಇರುವುದು ಹಿಂಗಾಲು! ಜಿಗಿಯುವಾಗ ಮೊಲದ ಹಿಂಗಾಲು ಮುಂಗಾಲನ್ನು ದಾಟಿ ಮುಂದೆ ಬೀಳುತ್ತದೆ. ಮುಂಗುಸಿಯದು ಐದು ಬೆರಳು, ಸೂಜಿ ಚುಚ್ಚಿದ ಹಾಗೆ ಉದ್ದ ಉಗುರು. ಉಡ ಬಾಲ ಎಳೆದುಕೊಂಡು ಹೋದ ಗೆರೆ, ಎರಡೂ ಬದಿಗೆ ಕಾಲು ಬಡಿದ ಗುರುತು. ನವಿಲಿನ ಮೂರು ಬೆರಳಂತೂ ಎಲ್ಲಿ ನೋಡಿದರಲ್ಲಿ.

ನರಿಯ ಹೆಜ್ಜೆ ಸಿಕ್ಕಾಗ ನಾನು ಜಾಸ್ತಿ ಹೊತ್ತು ಕೂತೆ. ನೋಡಿದರೆ ಸಣ್ಣ ನಾಯಿಯದೇ. ಆದರೆ ನಡುವಿನ ಎರಡು ಬೆರಳ ಮೆತ್ತೆಗಳು ಬುಡದಲ್ಲಿ ಕೂಡಿಕೊಂಡಿರುತ್ತವೆ. ನಾಯಿಯಲ್ಲಿ ಬಿಡಿಬಿಡಿ. ಇದನ್ನು ನಾನು ಓದಿದ್ದೆ, ಕಣ್ಣಾರೆ ಕಂಡಿರಲಿಲ್ಲ. ಆ ಕೂಡಿದ ಬುಡ, ಎರಡು ಹುಣಸೆಬೀಜ ಅಂಟಿಸಿದ ಹಾಗೆ, ಕೆಸರಿನಲ್ಲಿ ಅಚ್ಚಾಗಿತ್ತು. ಅಜ್ಜನನ್ನು ಕರೆದು ತೋರಿಸಿದೆ. ಅವನು ಬಗ್ಗಿ ನೋಡಿ, ‘ಇದು ನಂಗೂ ಗೊತ್ತಿರಲಿಲ್ಲ ನೋಡು,’ ಅಂದ.

ಅದರ ಆಚೆ, ಇಲಿ ಬಿಲದ ಹತ್ತಿರ, ಗುಂಡಗಿನ ಹೆಜ್ಜೆಗಳ ಸಾಲು. ಉಗುರಿಲ್ಲ. ಕತ್ತರಿ ಕೂರಲಿಲ್ಲ. ಅಂಗಾಲಿನ ಹಿಂದೆ ಮೂರು ಉಬ್ಬು. ಕಾಕಾ ಎರಡು ಹೆಜ್ಜೆ ಹಿಂದೆ ಸರಿದ. ಅಳೆದೆ. 5 ಸೆಂ.ಮೀ.ಗೆ ಸ್ವಲ್ಪ ಕಡಿಮೆ, ಒಂದು ಕಡ್ಡಿಪೆಟ್ಟಿಗೆಯ ಉದ್ದ. ಮನೆ ಬೆಕ್ಕಿನದಕ್ಕಿಂತ ದೊಡ್ಡದು, ಚಿರತೆಯದರ ಹತ್ತಿರಕ್ಕೂ ಬಾರದ್ದು. ಕಾಡುಬೆಕ್ಕು. ಹಿಂಗಾಲನ್ನು ಮುಂಗಾಲಿನ ಗುರುತಿನೊಳಗೇ ಇಡುತ್ತ, ಸದ್ದಿಲ್ಲದೆ ಬಂದು ಬಿಲದ ಎದುರು ಕೂತಿದೆ. ಕೂತ ಜಾಗವೂ ಕಾಣುತ್ತಿತ್ತು. ಇಲಿ ಹಿಡಿದು ರೈತನ ಹೊಲ ಕಾಯುವ ಪ್ರಾಣಿ. ಅಲ್ಲಿ ಒಂದು ರಾತ್ರಿ ಒಬ್ಬಂಟಿಯಾಗಿ ಕೂತಿತ್ತು ಅಂತ ನೆನೆದರೆ ಈಗಲೂ ಮೈ ಜುಂ ಅನ್ನುತ್ತದೆ.

ಅಚ್ಚು ತೆಗೆಯಲು ಅದನ್ನೇ ಆರಿಸಿದೆ, ಜೊತೆಗೆ ನಾಯಿಯದೊಂದು. ಹಳೆ ಮದುವೆ ಕಾರ್ಡನ್ನು ಪಟ್ಟಿ ಕತ್ತರಿಸಿ ಹೆಜ್ಜೆಯ ಸುತ್ತ ಬಳೆಯ ಹಾಗೆ ನಿಲ್ಲಿಸಿದೆ. ಪುಡಿಯನ್ನು ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಹೆಜ್ಜೆಯ ಪಕ್ಕದಿಂದ ನಿಧಾನಕ್ಕೆ ಹರಿಬಿಟ್ಟೆ. ನೇರ ಸುರಿದರೆ ಬೆರಳ ಗುರುತು ಒಡೆಯುತ್ತದೆ. ಅರ್ಧ ಗಂಟೆ ಕಾದೆವು. ಆರುವಾಗ ಅದು ಬೆಚ್ಚಗಾಗುತ್ತದೆ. ಅಜ್ಜ ಮುಟ್ಟಿ ನೋಡಿ, ‘ಜೀವ ಇದ್ದಂಗೈತಿ,’ ಅಂದ.

ಹುಲಿ ಎಣಿಕೆಯನ್ನೂ ಹಿಂದೆ ಹೆಜ್ಜೆ ನೋಡಿಯೇ ಮಾಡುತ್ತಿದ್ದರು ಅಂತ ಅವನಿಗೆ ಹೇಳಿದೆ. ರಾಜಸ್ಥಾನದ ಸರಿಸ್ಕಾದಲ್ಲಿ ಒಂದೂ ಹುಲಿ ಉಳಿದಿಲ್ಲ ಎಂದು 2005ರಲ್ಲಿ ಗೊತ್ತಾದ ಮೇಲೆ ಆ ಲೆಕ್ಕದ ಮೇಲಿನ ನಂಬಿಕೆ ಹೋಯಿತು, ಈಗ ಕ್ಯಾಮೆರಾ ಇಡುತ್ತಾರೆ. ‘ಒಂದ ಪ್ರಾಣಿ, ಮಣ್ಣು ಬ್ಯಾರೆ ಆದ್ರ ಹೆಜ್ಜಿ ಬ್ಯಾರೆ,’ ಅಂದ. ಅವನಿಗೆ ಇದು ಹೊಸ ಮಾತಾಗಿರಲಿಲ್ಲ.

ಮಧ್ಯಾಹ್ನ ಊರೊಳಗೆ ಹೋದೆವು. ಹತ್ತಿ ಬಿಡಿಸುವ ಏಳೆಂಟು ಹೆಣ್ಣುಮಕ್ಕಳು ಕಟ್ಟೆಯ ಹತ್ತಿರ ಸೇರಿದರು. ನಾನು ಮಾತು ಕಡಿಮೆ ಮಾಡಿ ಎರಡು ಅಚ್ಚನ್ನೂ ಕೈಗೆ ಕೊಟ್ಟೆ. ಚಿರತೆಯ ಹೆಜ್ಜೆಯನ್ನು ಅದರ ಅಳತೆಗೆ ಕಾಗದದ ಮೇಲೆ ಬರೆದಿದ್ದೆ, ಅದನ್ನು ಪಕ್ಕದಲ್ಲಿಟ್ಟೆ. ಅವರೇ ಬೆರಳಾಡಿಸಿ ನೋಡಿದರು. ಹಿರಿಯಳೊಬ್ಬಳು ಕಾಡುಬೆಕ್ಕಿನ ಅಚ್ಚನ್ನು ಅಂಗೈಯಲ್ಲಿ ಇಟ್ಟುಕೊಂಡು, ‘ಇಷ್ಟ ಸಣ್ಣ ಪಾದೇನವಾ? ಪಾಪ, ಇದನ್ನ ಹೊಡದಿದ್ರ?’ ಅಂದಳು.

ಆ ಮಾತಿಗೆ ನನ್ನ ಗಂಟಲು ಕಟ್ಟಿತು. ಎರಡು ವರ್ಷದ ಹಿಂದೆ ಇನ್ನೊಂದು ಊರಿನಲ್ಲಿ ಇಂಥದ್ದೇ ಸುದ್ದಿಗೆ ಯಾರೋ ತಂತಿ ಉರುಳು ಹಾಕಿದ್ದರು. ಬಿದ್ದಿದ್ದು ನರಿ. ನಾನು ಹೋಗುವಷ್ಟರಲ್ಲಿ ಸತ್ತಿತ್ತು. ಅದರ ಕಾಲಿನ ಮೆತ್ತೆ ನೋಡುವ ಧೈರ್ಯ ಅವತ್ತು ಬಂದಿರಲಿಲ್ಲ. ಅದನ್ನು ಅವರಿಗೆ ಹೇಳಿದೆ. ನಿಜವಾದ ಚಿರತೆಯ ಜಾಡು ಸಿಕ್ಕರೆ ಮೊದಲು ಅರಣ್ಯ ಇಲಾಖೆಗೆ ಫೋನ್ ಮಾಡಿ, ಹೆಜ್ಜೆಯ ಪಕ್ಕ ಕಡ್ಡಿಪೆಟ್ಟಿಗೆ ಇಟ್ಟು ಫೋಟೊ ತೆಗೆಯಿರಿ ಅಂತಲೂ ಹೇಳಿದೆ. ಬರೀ ಮಣ್ಣಿನ ಫೋಟೊದಲ್ಲಿ ಬೆಕ್ಕೂ ಹುಲಿಯಾಗುತ್ತದೆ.

ಸೋಮವಾರ ಎಲ್ಲರೂ ಹತ್ತಿಗೆ ಬಂದರು. ಕಾಡುಬೆಕ್ಕಿನ ಅಚ್ಚು ಆ ಹಿರಿಯಳ ಮನೆಯಲ್ಲೇ ಉಳಿಯಿತು, ಮೊಮ್ಮಗ ಬಿಡಲಿಲ್ಲವಂತೆ.

ಮಂಗಳವಾರ ಬೆಳಿಗ್ಗೆ ಆರೂವರೆಗೆ ಮತ್ತೆ ಕಾಕಾನ ಫೋಟೊ ಬಂತು. ಹಳ್ಳದ ದಂಡೆಯಲ್ಲಿ ನನ್ನ ಚಪ್ಪಲಿಯ ಗುರುತು, ಅದರ ಮೇಲೆ ಸಣ್ಣ ಸಣ್ಣ ಹೆಜ್ಜೆ. ಪಕ್ಕದಲ್ಲಿ ಕಡ್ಡಿಪೆಟ್ಟಿಗೆ. ಕೆಳಗೆ ಬರೆದಿದ್ದ: ‘ಮೊಲ. ಹಳ್ಳದ ಕಡೆ ಹೋಗೈತಿ. ಮುಂದ ಇರೋದು ಹಿಂಗಾಲು.’