ರೆಫ್ರಿ ಜೊತೆ ನನ್ನ ಮಾತು: ಒಂಬತ್ತು ವಾರದ ಲೆಕ್ಕ

ಮೊದಲ ವಾರ

ಮೈಸೂರಿನಲ್ಲಿ 14 ವರ್ಷದೊಳಗಿನ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಟೀಮಿಗೆ ನಾನು ಕೋಚ್. ಕಳೆದ ಭಾನುವಾರದ ಮ್ಯಾಚಿನಲ್ಲಿ 2 ನಿಮಿಷ ಬಾಕಿ ಇತ್ತು, ಒಂದು ಪಾಯಿಂಟ್ ಮುಂದಿದ್ದೆವು. ನಮ್ಮ 7ನೇ ನಂಬರ್ ಹುಡುಗಿ ಬುಟ್ಟಿಯ ಹತ್ತಿರಕ್ಕೆ ಓಡಿ ಚೆಂಡು ಹಾಕೋಕೆ, ಅಂದರೆ ಲೇಅಪ್‌ಗೆ, ಹೋದಳು. ಚಟ್ ಅಂತ ಸದ್ದು ಕೇಳಿಸಿತು, ವಿಸಿಲ್ ಬರಲಿಲ್ಲ. ನಾನು ಗೆರೆ ದಾಟಿ ಒಳಗೆ ಹೋಗಿ ಕೂಗಾಡಿದೆ. ಆ ನಡತೆಗೆ ರೆಫ್ರಿ ಟೆಕ್ನಿಕಲ್ ಫೌಲ್ ಕೊಟ್ಟರು. ಸ್ಕೋರ್‌ಶೀಟಿನಲ್ಲಿ ನನ್ನ ಹೆಸರಿನ ಮುಂದೆ ‘ಸಿ’ ಬಿತ್ತು, ಅಂದರೆ ಕೋಚ್ ತಾನೇ ಮಾಡಿದ ತಪ್ಪಿನ ಗುರುತು. ಅಂಥದ್ದು ಇನ್ನೊಂದು ಬಿದ್ದಿದ್ದರೆ ನಾನು ಹೊರಗೆ ಹೋಗಬೇಕಿತ್ತು. ಎದುರು ಟೀಮಿಗೆ ಸಿಕ್ಕ ಒಂದು ಫ್ರೀ ಥ್ರೋ ಬುಟ್ಟಿಗೆ ಬಿದ್ದು ಸ್ಕೋರ್ ಸಮವಾಯಿತು. ಕೊನೆಗೆ ಎರಡು ಪಾಯಿಂಟ್‌ನಿಂದ ಸೋತೆವು.

ಸೋತಿದ್ದಕ್ಕಿಂತ ಮರುದಿನದ ಪ್ರಾಕ್ಟೀಸ್‌ನಲ್ಲಿ ನಡೆದದ್ದು ನನಗೆ ಜಾಸ್ತಿ ನೋವು ಕೊಟ್ಟಿತು. ಅದೇ ಹುಡುಗಿಗೆ ನಾನು ಟ್ರಾವಲಿಂಗ್ (ಚೆಂಡು ಹಿಡಿದು ನಿಯಮ ಮೀರಿ ಕಾಲು ಆಡಿಸಿದ ತಪ್ಪು) ಕೊಟ್ಟೆ. ಅವಳು ಎರಡೂ ಅಂಗೈ ಮೇಲೆ ಮಾಡಿ, ತಲೆ ಒಂದು ಕಡೆ ವಾಲಿಸಿ, ಬೆಂಚಿನ ಕಡೆ ತಿರುಗಿ ‘ಎಲ್ಲಿ ಸಾರ್!’ ಅಂದಳು. ಆ ಕೈ, ಆ ಕತ್ತು, ಆ ಮಾತು ಎಲ್ಲವೂ ನನ್ನದೇ. ಚೆಂಡು ಉರುಳಿ ಹೋಗುತ್ತಿತ್ತು. ಅವಳು ಡಿಫೆನ್ಸ್‌ಗೆ ಓಡಲೇ ಇಲ್ಲ.

ಎರಡನೇ ವಾರ

ಹುಡುಗಿಯೊಬ್ಬಳ ತಂದೆಯನ್ನು ನೋಟ್‌ಬುಕ್ ಹಿಡಿದು ಬೆಂಚಿನ ಹಿಂದೆ ಕೂರಲು ಕೇಳಿಕೊಂಡೆ. ನಾನು ರೆಫ್ರಿಗೆ ಏನೇ ಅಂದರೂ ಒಂದು ಗೀಟು ಎಳೆಯಬೇಕು, ಅಷ್ಟೇ. 40 ನಿಮಿಷದ ಆಟದಲ್ಲಿ 34 ಗೀಟು. ಅದರಲ್ಲಿ ಉತ್ತರ ಕೊಡಬಹುದಾದ ಪ್ರಶ್ನೆ ಇದ್ದದ್ದು ಮೂರೇ ಮೂರು. ಉಳಿದದ್ದೆಲ್ಲ ‘ಏನ್ ಸಾರ್ ಅದು!’

ಮೂರು, ನಾಲ್ಕನೇ ವಾರ

ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಫಿಬಾದ ನಿಯಮಗಳನ್ನು ಮತ್ತೆ ಕೂತು ಓದಿದೆ. ಕೋಚ್ ರೆಫ್ರಿಯನ್ನು ಮಾತಾಡಿಸಬಹುದು, ಆದರೆ ಮಾಹಿತಿ ಕೇಳೋದಕ್ಕೆ, ಮರ್ಯಾದೆಯಿಂದ, ಚೆಂಡು ಆಟದಲ್ಲಿಲ್ಲದೆ ಗಡಿಯಾರ ನಿಂತಿರುವಾಗ ಮಾತ್ರ. ನಾನು ಕೂಗುತ್ತಿದ್ದದ್ದು ಹೆಚ್ಚಾಗಿ ಆಟ ನಡೆಯುವಾಗಲೇ.

ಇನ್ನೊಂದು ವಿಷಯವೂ ಗೊತ್ತಾಯಿತು. 2017ರಲ್ಲಿ ಟ್ರಾವಲಿಂಗ್ ನಿಯಮ ಬದಲಾಗಿದೆ. ಓಡುತ್ತಾ ಚೆಂಡನ್ನು ಹಿಡಿತಕ್ಕೆ ತಗೊಳ್ಳುವಾಗ ನೆಲದ ಮೇಲಿರುವ ಕಾಲು ಲೆಕ್ಕಕ್ಕಿಲ್ಲ. ಅದಾದ ಮೇಲೆ ಎರಡು ಹೆಜ್ಜೆ ಇಡಬಹುದು. ನಾನು ಆಡುತ್ತಿದ್ದ ಕಾಲದ ಲೆಕ್ಕವನ್ನೇ ಹಿಡಿದುಕೊಂಡು, ಎದುರು ಟೀಮಿನ ಎಷ್ಟೋ ಸರಿಯಾದ ಹೆಜ್ಜೆಗಳಿಗೆ ‘ಟ್ರಾವಲ್’ ಅಂತ ಕೂಗಿದ್ದೇನೆ. ಆ ರೆಫ್ರಿಗಳಲ್ಲಿ ಕೆಲವರಾದರೂ ಸಿಕ್ಕಿದರೆ ಕ್ಷಮೆ ಕೇಳಬೇಕು ಅನ್ನಿಸಿದೆ.

ಬುಧವಾರದ ಪ್ರಾಕ್ಟೀಸ್ ಮ್ಯಾಚಿಗೆ ಈಗ ನಾನೇ ರೆಫ್ರಿ. ಸುಮ್ನೆ ಬದಿಯಲ್ಲಿ ನಿಂತು ಊದುವುದಲ್ಲ. ಒಬ್ಬರು ಬುಟ್ಟಿಯ ಹತ್ತಿರ ಲೀಡ್, ಇನ್ನೊಬ್ಬರು ಹಿಂದೆ ಟ್ರೇಲ್, ಸರಿಯಾಗಿ ಜಾಗ ಬದಲಿಸುತ್ತಾ ಓಡುವುದು. ಟ್ರೇಲ್ ನಿಂತಿದ್ದಾಗ ಇಬ್ಬರು ಹುಡುಗಿಯರು ನನ್ನ ಕಣ್ಣಿಗೆ ಒಂದೇ ಗೆರೆಯಲ್ಲಿ ಬಂದರು. ಚಟ್ ಅಂತ ಅದೇ ಸದ್ದು. ಕೈಗೆ ಬಿತ್ತೋ ಚೆಂಡಿಗೆ ಬಿತ್ತೋ ಕಾಣಲಿಲ್ಲ. ಊದಲಿಲ್ಲ. ಎರಡು ಹೆಜ್ಜೆ ಪಕ್ಕಕ್ಕೆ ಸರಿದಿದ್ದರೆ ಇಬ್ಬರ ನಡುವಿನ ಜಾಗ ಕಾಣುತ್ತಿತ್ತು. ಬೆಂಚಿನಲ್ಲಿ ಕೂತಾಗ ಅಂಥ ಸದ್ದೆಲ್ಲ ನನಗೆ ಕೈಗೆ ಬಿದ್ದ ಪೆಟ್ಟಾಗಿಯೇ ಕೇಳಿಸುತ್ತಿತ್ತು.

ಆರನೇ ವಾರ

ಮ್ಯಾಚಿಗೆ ಮುಂಚೆ ಇಬ್ಬರು ರೆಫ್ರಿಗಳ ಹತ್ತಿರವೂ ಹೋಗಿ ಕೈಕುಲುಕಿ ಹೆಸರು ಕೇಳಿದೆ. ಒಬ್ಬ ಕಾಲೇಜು ಹುಡುಗ, ನನ್ನ ಟೀಮಿನವರಿಗಿಂತ ಐದಾರು ವರ್ಷ ದೊಡ್ಡವನಿರಬಹುದು. ಇಂಥವರ ಮೇಲೇ ಅಲ್ವಾ ನಾನು ಕೂಗುತ್ತಿದ್ದದ್ದು!

ಕೇಳುವ ರೀತಿಯನ್ನೂ ಬದಲಿಸಿದೆ. ‘ಯಾಕೆ ಕೊಡಲಿಲ್ಲ?’ ಬಿಟ್ಟು ‘ನಿಮಗೆ ಏನು ಕಾಣಿಸಿತು ಸಾರ್?’ ನಮ್ಮ 5ನೇ ನಂಬರ್ ಹುಡುಗಿಗೆ ಮೂರನೇ ಫೌಲ್ ಬಿದ್ದಾಗ ಹೀಗೆ ಕೇಳಿದೆ. ‘ಮೊಣಕೈ ಬೆನ್ನಿಗೆ ಒತ್ತಿಟ್ಟು ತಳ್ಳುತ್ತಿದ್ದಾಳೆ ಸಾರ್’ ಅಂದ. ಟೈಮ್‌ಔಟ್‌ನಲ್ಲಿ ಅವಳಿಗೆ ಅದನ್ನೇ ಹೇಳಿ, ಕಾಲು ಅಗಲಿಸಿ ಎದೆಯಿಂದ ಜಾಗ ಹಿಡಿಯೋದನ್ನ ತೋರಿಸಿದೆ. ಕೊನೆಯವರೆಗೂ ನಾಲ್ಕನೇ ಫೌಲ್ ಬೀಳಲಿಲ್ಲ. ಇಷ್ಟು ವರ್ಷ ಕೂಗಿದ್ದರಲ್ಲಿ ಇಷ್ಟು ಉಪಯೋಗದ ಮಾತು ಒಂದೂ ವಾಪಸ್ ಬಂದಿರಲಿಲ್ಲ. ಅವತ್ತು 9 ಗೀಟು.

ಎಂಟನೇ ವಾರ

22 ಗೀಟು. ಹತ್ತಿರದ ಮ್ಯಾಚು, ಬಿಸಿಲು, ಸಿಮೆಂಟ್ ಕೋರ್ಟಿನಲ್ಲಿ ನಮ್ಮ ಹುಡುಗಿಯೊಬ್ಬಳು ಜಾರಿ ಮೊಣಕಾಲು ತರಚಿಕೊಂಡಳು. ಅದನ್ನು ನೋಡಿ ತಡೆಯಲಾಗಲಿಲ್ಲ. ಆಟ ಮುಗಿದ ಮೇಲೆ ಹೋಗಿ ‘ತಪ್ಪಾಯಿತು ಸಾರ್’ ಅಂದೆ. ಹುಡುಗಿಯರ ಎದುರೇ ಅಂದೆ. ಅವರ ಎದುರೇ ಕೂಗಿದ್ದೆನಲ್ಲ.

ಈಗ ಒಂದು ಅಭ್ಯಾಸ ಮಾಡುತ್ತಿದ್ದೇನೆ. ವಿಸಿಲ್ ಬಂದ ಕೂಡಲೇ ರೆಫ್ರಿಯನ್ನು ನೋಡದೆ, ನಮ್ಮ ಐದು ಜನ ಎಲ್ಲಿ ನಿಂತಿದ್ದಾರೆ ಅಂತ ಮೊದಲು ನೋಡುವುದು. ಅಷ್ಟು ಹೊತ್ತಿಗೆ ಬಾಯಿಗೆ ಬಂದ ಮಾತು ಅರ್ಧ ಇಳಿದಿರುತ್ತದೆ.

ಒಂಬತ್ತನೇ ವಾರ

8 ಗೀಟು, ಆರು ಪ್ರಶ್ನೆ. ಆಟ ನಿಂತಾಗ ಕ್ಯಾಪ್ಟನ್ ಕೂಡ ರೆಫ್ರಿಯನ್ನು ಮರ್ಯಾದೆಯಿಂದ ಕೇಳಬಹುದು. ಆ ಕೆಲಸ ಈಗ 7ನೇ ನಂಬರ್ ಹುಡುಗಿಯದ್ದು. ಮೊದಲ ಸಲ ಕೈ ಹಿಂದೆ ಕಟ್ಟಿಕೊಂಡು ಹೋಗಿ ಕೇಳಿದಳು. ರೆಫ್ರಿ ಬಗ್ಗಿ ಉತ್ತರ ಕೊಟ್ಟರು. ಓಡಿ ಬಂದು ‘ಸಾರ್, ನಂದು ಎಡಗಾಲು ಎದ್ದಿತ್ತಂತೆ’ ಅಂತ ಹೇಳಿ ಮತ್ತೆ ಓಡಿದಳು.

ನಾನು ಸುಮ್ಮನಾದ ಮೇಲೆ ಬೆಂಚಿನ ಹಿಂದಿನ ಅಪ್ಪ-ಅಮ್ಮಂದಿರ ಕೂಗು ಚೆನ್ನಾಗಿ ಕೇಳಿಸುತ್ತಿದೆ. ಬರುವ ಶನಿವಾರ ಅವರನ್ನು ಬೇಗ ಬರೋಕೆ ಹೇಳಿದ್ದೇನೆ. ಪ್ರಾಕ್ಟೀಸ್ ಮ್ಯಾಚಿನ ಒಂದೊಂದು ಕ್ವಾರ್ಟರ್‌ಗೆ ಇಬ್ಬಿಬ್ಬರ ಕೈಗೆ ವಿಸಿಲ್ ಕೊಡುತ್ತೇನೆ. ಇಬ್ಬರು ಅಮ್ಮಂದಿರು ಈಗಾಗಲೇ ಒಪ್ಪಿದ್ದಾರೆ.